ಹೊಂಬೆನ್ನಿನ ಮರಕುಟಿಗಗಳನ್ನು ಗುರುತಿಸುವಾಗ ಬೆನ್ನನ್ನು ನೋಡಬೇಡಿ

ಕರ್ನಾಟಕದಲ್ಲಿ ಹೊಂಬಣ್ಣದ ಬೆನ್ನು, ಕೆಂಪು ಜುಟ್ಟು, ಕಪ್ಪು ಬಿಳಿ ಗೆರೆಗಳ ಮುಖವಿರುವ ಮರಕುಟಿಗ ಕಣ್ಣಿಗೆ ಬಿದ್ದರೆ ಹೆಚ್ಚಿನವರು ಅದನ್ನು ತಮಗೆ ಗೊತ್ತಿರುವ ಒಂದೇ ಹೆಸರಿನಲ್ಲಿ ಬರೆದುಕೊಂಡು ಮುಂದೆ ಸಾಗುತ್ತಾರೆ. ಆದರೆ ಈ ವೇಷದ ಜಾತಿಗಳು ನಮ್ಮ ರಾಜ್ಯದಲ್ಲಿ ನಾಲ್ಕಿವೆ. ಊರು, ತೋಟ, ಉದ್ಯಾನಗಳಲ್ಲೆಲ್ಲ ಕಾಣುವ ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್, ಘಟ್ಟದ ತೇವದ ಕಾಡುಗಳಲ್ಲಿರುವ ಕಾಮನ್ ಫ್ಲೇಮ್‌ಬ್ಯಾಕ್, ಅದೇ ಘಟ್ಟಗಳ ದೊಡ್ಡ ಮರಗಳನ್ನು ನೆಚ್ಚಿಕೊಂಡಿರುವ ಮಲಬಾರ್ ಫ್ಲೇಮ್‌ಬ್ಯಾಕ್, ಮತ್ತು ಒಣ ಕಾಡುಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುವ ವೈಟ್-ನೇಪ್ಡ್ ಮರಕುಟಿಗ. ಇವುಗಳಲ್ಲಿ ಮೂರನೆಯದು ಹಳೆಯ ಪುಸ್ತಕಗಳಲ್ಲಿ ಗ್ರೇಟರ್ ಫ್ಲೇಮ್‌ಬ್ಯಾಕ್ ಎಂಬ ಹೆಸರಿನಲ್ಲಿರುತ್ತದೆ. ನಮ್ಮ ಘಟ್ಟಗಳದ್ದನ್ನು ಪ್ರತ್ಯೇಕ ಜಾತಿಯೆಂದು ಎಣಿಸುವ ರೂಢಿ ಇತ್ತೀಚಿನದು. ಹೊಸದಾಗಿ ಪಕ್ಷಿವೀಕ್ಷಣೆಗೆ ಬಂದವರು ಹಳೆಯ ಕೈಪಿಡಿಯನ್ನೂ ಈಗಿನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟುಕೊಂಡಾಗ ಇದರಿಂದ ಗಲಿಬಿಲಿಗೊಳ್ಳುವುದುಂಟು. ಹೆಸರು ಬದಲಾಗಿದ್ದರೂ ಗುರುತಿಸುವ ಲಕ್ಷಣಗಳು ಬದಲಾಗಿಲ್ಲವಾದ್ದರಿಂದ ಹಳೆಯ ಕೈಪಿಡಿಯನ್ನು ಎಸೆಯುವ ಅಗತ್ಯವಿಲ್ಲ.

ಈ ನಾಲ್ಕನ್ನು ಬೇರ್ಪಡಿಸಲು ಹೊರಟವರು ಸಹಜವಾಗಿಯೇ ಎಲ್ಲಕ್ಕಿಂತ ಎದ್ದು ಕಾಣುವ ಬೆನ್ನಿನ ಬಣ್ಣವನ್ನು ಮೊದಲು ನೋಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಹಕ್ಕಿಗಳ ಮೈಮೇಲೆ ಗುರುತಿಗೆ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಭಾಗ ಅದೇ. ಬೆಳಗಿನ ಓರೆ ಬಿಸಿಲಿನಲ್ಲಿ ಕಿತ್ತಳೆಯಾಗಿ ಕಂಡ ಬೆನ್ನು ಅಡಿಕೆ ತೋಟದ ನೆರಳಿಗೆ ಹೋದೊಡನೆ ಹಸಿರು ಮಿಶ್ರಿತ ಹಳದಿಯಾಗುತ್ತದೆ. ಗರಿ ಹಳತಾದಂತೆ ಬಣ್ಣ ಮಾಸುತ್ತದೆ. ಒಂದೇ ಜಾತಿಯೊಳಗೂ ಪ್ರದೇಶದಿಂದ ಪ್ರದೇಶಕ್ಕೆ ವ್ಯತ್ಯಾಸವಿದೆ: ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್‌ನ ನೈಋತ್ಯ ಭಾಗದ ಉಪಜಾತಿಯ ಬೆನ್ನಿನಲ್ಲಿ ಆಲಿವ್ ಛಾಯೆ ಹೆಚ್ಚು. ಆ ಉಪಜಾತಿಗೆ ಸಲೀಂ ಅಲಿಯವರ ಪತ್ನಿ ತೆಹ್ಮಿನಾ ಅವರ ಹೆಸರನ್ನಿಟ್ಟಿದ್ದಾರೆ ಎಂಬುದು ಗುರುತಿಸುವಿಕೆಗೆ ಸಂಬಂಧಿಸಿದ್ದಲ್ಲವಾದರೂ ನೆನಪಿಟ್ಟುಕೊಳ್ಳಲು ಚೆಂದದ ಸಂಗತಿ.

ಗಾತ್ರವನ್ನು ನಂಬುವುದೂ ಅಪಾಯಕರ. ಮಲಬಾರ್ ಫ್ಲೇಮ್‌ಬ್ಯಾಕ್ ಸುಮಾರು 33 ಸೆಂಟಿಮೀಟರ್ ಉದ್ದವಿದ್ದರೆ ಉಳಿದ ಮೂರೂ 26ರಿಂದ 30 ಸೆಂಟಿಮೀಟರ್‌ಗಳ ಆಸುಪಾಸಿನಲ್ಲಿವೆ. ಕಾಗದದ ಮೇಲೆ ಇದು ದೊಡ್ಡ ಅಂತರವೆನಿಸಿದರೂ, ಬೈನಾಕ್ಯುಲರ್‌ನಲ್ಲಿ ಒಂಟಿಯಾಗಿ, ಸುತ್ತಳತೆ ಗೊತ್ತಿಲ್ಲದ ಮರದ ಮೇಲೆ, ಮೂವತ್ತು ಅಡಿ ಎತ್ತರದಲ್ಲಿ ಕುಳಿತ ಹಕ್ಕಿಯ ವಿಷಯದಲ್ಲಿ ಐದು ಸೆಂಟಿಮೀಟರ್‌ಗಳ ಅಂದಾಜು ಯಾರಿಗೂ ಸಿಗುವುದಿಲ್ಲ. ಎರಡು ಜಾತಿಗಳು ಒಂದೇ ಮರದಲ್ಲಿ ಇದ್ದಾಗ ಮಾತ್ರ ಗಾತ್ರಕ್ಕೆ ಅರ್ಥ ಬರುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಎರಡು ಜಾಗಗಳನ್ನು: ಕತ್ತಿನ ಹಿಂಭಾಗ, ಮತ್ತು ರೆಕ್ಕೆಗಳ ನಡುವೆ ಬಾಲದ ಬುಡಕ್ಕೆ ತಾಗಿಕೊಂಡಿರುವ ಬೆನ್ನಿನ ಕೆಳತುದಿ. ಹಿಂಗತ್ತು ಬಿಳಿಯಾಗಿದ್ದು ಬೆನ್ನಿನ ಕೆಳತುದಿ ಕೆಂಪಾಗಿದ್ದರೆ ಅದು ಮಲಬಾರ್ ಫ್ಲೇಮ್‌ಬ್ಯಾಕ್. ಹಿಂಗತ್ತು ಬಿಳಿ, ಕೆಳತುದಿ ಕಪ್ಪು ಎಂದಾದರೆ ವೈಟ್-ನೇಪ್ಡ್. ಹಿಂಗತ್ತು ಕಪ್ಪು, ಕೆಳತುದಿ ಕೆಂಪು ಎಂದಾದರೆ ಕಾಮನ್ ಫ್ಲೇಮ್‌ಬ್ಯಾಕ್. ಎರಡೂ ಕಪ್ಪಾಗಿದ್ದರೆ ನಮ್ಮ ಮನೆಯಂಗಳದ ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್. ನಾಲ್ಕು ಜಾತಿಗಳನ್ನು ಎರಡೇ ಪ್ರಶ್ನೆಗಳು ಇಷ್ಟು ಸ್ವಚ್ಛವಾಗಿ ವಿಂಗಡಿಸುವುದು ಹಕ್ಕಿಗಳ ಲೋಕದಲ್ಲಿ ಅಪರೂಪ. ಹದ್ದು, ಗಿಡುಗಗಳ ಜೊತೆ ಹೆಣಗಿದವರಿಗೆ ಇದರ ಬೆಲೆ ಗೊತ್ತು.

ಈ ಎರಡರಲ್ಲಿ ನಾನು ಹಿಂಗತ್ತಿಗೇ ಹೆಚ್ಚು ತೂಕ ಕೊಡುತ್ತೇನೆ. ಅದಕ್ಕೆ ಕಾರಣ ಹಕ್ಕಿ ಕೂರುವ ಭಂಗಿಯಲ್ಲಿದೆ. ಮರಕುಟಿಗ ಕಾಂಡಕ್ಕೆ ಹೊಟ್ಟೆಯನ್ನು ಆನಿಸಿ, ಗಡುಸಾದ ಬಾಲದ ಗರಿಗಳನ್ನು ಊರುಗೋಲಿನಂತೆ ಒತ್ತಿ ಕೂರುತ್ತದೆ. ಆದ್ದರಿಂದ ಅದು ಮರದ ನಮ್ಮ ಬದಿಯಲ್ಲಿದ್ದಾಗ ನಮಗೆ ಕಾಣುವುದು ಅದರ ಬೆನ್ನು ಮತ್ತು ಕತ್ತಿನ ಹಿಂಭಾಗ. ಬೆನ್ನಿನ ಕೆಳತುದಿಯೂ ಆಗ ನಮ್ಮ ಕಡೆಗೇ ಇರುತ್ತದೆ, ಆದರೆ ಮಡಚಿದ ರೆಕ್ಕೆಗಳು ಅದನ್ನು ಮುಚ್ಚಿಬಿಡುತ್ತವೆ. ಅಲ್ಲದೆ ನೆರಳಿನಲ್ಲಿರುವ ಕಡುಗೆಂಪು ದೂರದಿಂದ ಕಪ್ಪಾಗಿಯೇ ತೋರುತ್ತದೆ. ಬಿಳಿ ಹಾಗಲ್ಲ. ಕಾಡಿನ ಒಳಗಿನ ಮಂದ ಬೆಳಕಿನಲ್ಲಿಯೂ ಕಪ್ಪು ಅಂಚುಗಳ ನಡುವಿನ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಕೆಳತುದಿಯ ಬಣ್ಣ ಖಚಿತವಾಗಿ ಸಿಗುವುದು ಹಕ್ಕಿ ಹಾರಿದಾಗ, ರೆಕ್ಕೆಗಳು ಬಿಚ್ಚಿಕೊಂಡ ಆ ಕ್ಷಣದಲ್ಲಿ. ಹಕ್ಕಿ ಹಾರುವ ಸೂಚನೆ ಸಿಕ್ಕೊಡನೆ ತಲೆಯಿಂದ ದೃಷ್ಟಿ ತೆಗೆದು ಬಾಲದ ಬುಡದ ಮೇಲೆ ಇಡುವುದನ್ನು ಅಭ್ಯಾಸ ಮಾಡಿಕೊಂಡರೆ ಒಂದೇ ನೋಟದಲ್ಲಿ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ.

ಒಂದು ಎಚ್ಚರಿಕೆ ಬೇಕು. ಮಲಬಾರ್ ಫ್ಲೇಮ್‌ಬ್ಯಾಕ್‌ನ ಹಿಂಗತ್ತಿನ ಬಿಳುಪಿಗೆ ಎರಡೂ ಪಕ್ಕಗಳಲ್ಲಿ ಕಪ್ಪು ಗೆರೆಯ ಅಂಚಿದೆ. ಪಕ್ಕದಿಂದ ನೋಡಿದಾಗ ಆ ಅಂಚೇ ಕಣ್ಣಿಗೆ ಬಿದ್ದು ಕತ್ತು ಕಪ್ಪೆಂದು ಅನಿಸಬಹುದು. ಗಂಡಿನ ಕೆಂಪು ಜುಟ್ಟು ಹಿಂದಕ್ಕೆ ಬಾಗಿದ್ದರೆ ಬಿಳುಪಿನ ಮೇಲ್ಭಾಗ ಅದರ ಅಡಿಯಲ್ಲಿ ಮರೆಯಾಗುತ್ತದೆ. ಹಾಗಾಗಿ ಹಕ್ಕಿ ಪೂರ್ತಿ ಬೆನ್ನು ತಿರುಗಿಸುವವರೆಗೆ ಕಾಯುವುದೇ ಸರಿ.

ಹಕ್ಕಿ ಮರದ ಆಚೆ ಬದಿಗೆ ಸರಿದು ಮುಖ ಮಾತ್ರ ಇಣುಕಿದರೆ ಬೇರೆ ಲಕ್ಷಣಗಳಿಗೆ ಹೋಗಬೇಕಾಗುತ್ತದೆ. ಮರಕುಟಿಗಗಳಿಗೆ ಈ ಅಭ್ಯಾಸ ಹುಟ್ಟಿನಿಂದಲೇ ಬಂದಿದೆ. ನಾವು ಬಲಕ್ಕೆ ಸುತ್ತಿದರೆ ಅವೂ ಕಾಂಡವನ್ನು ಸುತ್ತುತ್ತ ನಮ್ಮಿಂದ ಮರೆಯಲ್ಲಿಯೇ ಉಳಿಯುತ್ತವೆ. ಮರವನ್ನು ಪ್ರದಕ್ಷಿಣೆ ಹಾಕುವುದರಿಂದ ಹಕ್ಕಿ ಹಾರಿಹೋಗುವುದೇ ಹೊರತು ಬೇರೆ ಪ್ರಯೋಜನವಿಲ್ಲ. ನಿಂತಲ್ಲಿಯೇ ನಿಂತರೆ ಅದು ಮೇಲೇರುತ್ತ ಏರುತ್ತ ಕೊನೆಗೊಮ್ಮೆ ನಮ್ಮ ಬದಿಗೆ ಬರುತ್ತದೆ. ಹೀಗೆ ಇಣುಕುವ ಮುಖದಲ್ಲಿ ನೋಡಬೇಕಾದದ್ದು ಗಂಟಲು ಮತ್ತು ಕೊಕ್ಕಿನ ಬುಡದಿಂದ ಕೆಳಗಿಳಿಯುವ ಮೀಸೆಯಂಥ ಗೆರೆ. ಗಂಟಲು ಕಪ್ಪಾಗಿದ್ದು ಅದರ ಮೇಲೆ ಸಣ್ಣ ಬಿಳಿ ಚುಕ್ಕೆಗಳು ಚೆಲ್ಲಿದ್ದರೆ ಅದು ಬ್ಲ್ಯಾಕ್-ರಂಪ್ಡ್, ಬೇರಾವುದೂ ಅಲ್ಲ. ಕೊಕ್ಕಿನ ಬುಡದಿಂದ ಒಂದೇ ದಪ್ಪ ಕಪ್ಪು ಗೆರೆ ಇಳಿದಿದ್ದರೆ ಕಾಮನ್ ಫ್ಲೇಮ್‌ಬ್ಯಾಕ್. ಆ ಗೆರೆ ಎರಡಾಗಿ ಸೀಳಿ, ನಡುವೆ ಬಿಳಿಯನ್ನು ಸುತ್ತುವರಿದು ಮತ್ತೆ ಕೂಡಿಕೊಂಡಿದ್ದರೆ ಮಲಬಾರ್ ಅಥವಾ ವೈಟ್-ನೇಪ್ಡ್. ಮಲಬಾರ್‌ನ ಕೊಕ್ಕು ತಲೆಯಷ್ಟೇ ಉದ್ದವಾಗಿ, ಉಳಿಯಂತೆ ನೇರವಾಗಿರುತ್ತದೆ, ಕಣ್ಣು ತಿಳಿಬಣ್ಣದ್ದು. ಕಾಮನ್ ಫ್ಲೇಮ್‌ಬ್ಯಾಕ್‌ನ ಕೊಕ್ಕು ತಲೆಗಿಂತ ಗಿಡ್ಡ, ಕಣ್ಣು ಕಡುಬಣ್ಣದ್ದು. ಈ ಎರಡರ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ: ಕಾಮನ್ ಫ್ಲೇಮ್‌ಬ್ಯಾಕ್‌ಗೆ ಕಾಲಿಗೆ ಮೂರೇ ಬೆರಳು, ಮಲಬಾರ್‌ಗೆ ನಾಲ್ಕು. ಒಳ್ಳೆಯ ಛಾಯಾಚಿತ್ರ ಕೈಯಲ್ಲಿದ್ದಾಗ ಹೊರತು ಹೊರಾಂಗಣದಲ್ಲಿ ಇದನ್ನು ಎಣಿಸಲು ಹೋಗುವುದು ವ್ಯರ್ಥ ಪ್ರಯಾಸ.

ಹೆಣ್ಣು ಹಕ್ಕಿ ಕಾಣಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಗಂಡುಗಳೆಲ್ಲ ಕೆಂಪು ತಲೆಯವಾದ್ದರಿಂದ ಒಂದರಂತೆ ಇನ್ನೊಂದಿದ್ದು, ಬೇರ್ಪಡಿಸುವ ಮಾಹಿತಿ ಹೆಣ್ಣುಗಳ ನೆತ್ತಿಯ ಮೇಲಿದೆ. ಬ್ಲ್ಯಾಕ್-ರಂಪ್ಡ್ ಹೆಣ್ಣಿನ ನೆತ್ತಿಯ ಮುಂಭಾಗ ಬಿಳಿ ಚುಕ್ಕೆಗಳ ಕಪ್ಪು, ಹಿಂದಿನ ಜುಟ್ಟು ಮಾತ್ರ ಕೆಂಪು. ಕಾಮನ್ ಮತ್ತು ಮಲಬಾರ್ ಹೆಣ್ಣುಗಳ ತಲೆಯಲ್ಲಿ ಕೆಂಪೇ ಇಲ್ಲ. ಮೊದಲನೆಯದರ ಕಪ್ಪು ನೆತ್ತಿಯಲ್ಲಿ ಬಿಳಿ ಗೀರುಗಳಿದ್ದರೆ ಎರಡನೆಯದರಲ್ಲಿ ದುಂಡನೆಯ ಬಿಳಿ ಚುಕ್ಕೆಗಳಿವೆ. ವೈಟ್-ನೇಪ್ಡ್ ಹೆಣ್ಣಿನ ನೆತ್ತಿ ಹಳದಿ. ಹೀಗಿದ್ದೂ ಅಂತರ್ಜಾಲದಲ್ಲಿ ಹಂಚಿಕೊಳ್ಳುವ ಚಿತ್ರಗಳಲ್ಲಿ ಮುಕ್ಕಾಲು ಪಾಲು ಗಂಡುಗಳವೇ ಆಗಿರುವುದು ಕಲಿಯುವವರ ದುರದೃಷ್ಟ.

ದಾಂಡೇಲಿಯ ಹತ್ತಿರದ ಗಣೇಶಗುಡಿಯಲ್ಲಿ ಒಮ್ಮೆ ಮಲಬಾರ್ ಹೆಣ್ಣೊಂದು ಬಹಳ ಹೊತ್ತು ಒಂದೇ ಮತ್ತಿ ಮರದಲ್ಲಿ ಕೆಲಸ ಮಾಡುತ್ತಿದ್ದುದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತ್ತು. ಒಣಗಿದ ಕೊಂಬೆಯ ಸಿಪ್ಪೆಯನ್ನು ಅದು ನೇರವಾಗಿ ಕುಕ್ಕುತ್ತಿರಲಿಲ್ಲ. ಕೊಕ್ಕನ್ನು ಓರೆಯಾಗಿ ಸಿಪ್ಪೆಯ ಅಡಿಗೆ ಹೊಡೆದು, ತಲೆಯನ್ನು ಪಕ್ಕಕ್ಕೆ ತಿರುಚಿ, ಅಂಗೈಯಗಲದ ತುಂಡುಗಳನ್ನು ಎಬ್ಬಿಸಿ ಬೀಳಿಸುತ್ತಿತ್ತು. ಪ್ರತಿ ಬಾರಿ ತಲೆ ಪಕ್ಕಕ್ಕೆ ತಿರುಗಿದಾಗ ಹಿಂಗತ್ತಿನ ಬಿಳಿ ಪಟ್ಟಿ ಒಂದು ಬದಿಗೆ ಸರಿದು ಕಪ್ಪು ಅಂಚು ಅಗಲವಾಗಿ, ತಲೆ ನೇರವಾದಾಗ ಪಟ್ಟಿ ಮತ್ತೆ ತೆರೆದುಕೊಳ್ಳುತ್ತಿತ್ತು. ನೆತ್ತಿಯ ಚುಕ್ಕೆಗಳು ಹಣೆಯ ಹತ್ತಿರ ಚಿಕ್ಕದಾಗಿ ಜುಟ್ಟಿನ ಕಡೆಗೆ ದೊಡ್ಡದಾಗುತ್ತ ಹೋಗಿದ್ದವು. ಆ ನೋಟದ ನಂತರ ಚುಕ್ಕೆ ಮತ್ತು ಗೀರುಗಳ ವ್ಯತ್ಯಾಸದ ಬಗ್ಗೆ ನನಗೆ ಚಿತ್ರಪಟಗಳ ನೆರವು ಬೇಕಾಗಿಲ್ಲ.

ಇಷ್ಟು ಹೋಲುವ ಈ ಹಕ್ಕಿಗಳು ಹತ್ತಿರದ ಬಂಧುಗಳಲ್ಲ ಎಂಬುದು ಈ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿಟ್ಟ ಸಂಗತಿ. ಕಪ್ಪು ಹಿಂಗತ್ತಿನ ಎರಡೂ ಜಾತಿಗಳು ಡೈನೋಪಿಯಂ ಕುಲಕ್ಕೆ ಸೇರಿದರೆ, ಬಿಳಿ ಹಿಂಗತ್ತಿನ ಎರಡೂ ಕ್ರೈಸೊಕೊಲ್ಯಾಪ್ಟಿಸ್ ಕುಲಕ್ಕೆ ಸೇರಿವೆ. ಎರಡನೆಯ ಕುಲದ ನಿಜವಾದ ಬಂಧುಗಳಲ್ಲಿ ಅಮೆರಿಕ ಖಂಡಗಳ ಭಾರೀ ಗಾತ್ರದ ಮರಕುಟಿಗಗಳೂ ಇವೆ. ಮೊದಲನೆಯದು ನಮ್ಮ ಹಸಿರು ಮರಕುಟಿಗಗಳ ಬಳಗಕ್ಕೆ ಹತ್ತಿರದ್ದು. ಅಂದರೆ ನಾವು ಹಿಂಗತ್ತನ್ನು ನೋಡಿದಾಗ ವಾಸ್ತವದಲ್ಲಿ ಕುಲವನ್ನೇ ಓದುತ್ತಿರುತ್ತೇವೆ, ಬೆನ್ನಿನ ಹೊಂಬಣ್ಣವಾದರೋ ಎರಡೂ ಕುಲಗಳು ಬೇರೆಬೇರೆಯಾಗಿ ತಳೆದ ವೇಷ. ಸಣ್ಣ ಹಕ್ಕಿ ದೊಡ್ಡದರ ವೇಷವನ್ನು ಹೋಲುವುದರಿಂದ ಅದಕ್ಕೆ ದೊಡ್ಡದರ ಅಥವಾ ಇತರ ಪೈಪೋಟಿಗಾರರ ಕಾಟ ಕಡಿಮೆಯಾಗಬಹುದೆಂಬ ವಾದವನ್ನು ಅಮೆರಿಕದ ಪಕ್ಷಿವಿಜ್ಞಾನಿ ರಿಚರ್ಡ್ ಪ್ರಮ್ 2014ರಲ್ಲಿ ಮಂಡಿಸಿದ್ದು, ಅವರು ಕೊಟ್ಟ ಉದಾಹರಣೆಗಳಲ್ಲಿ ಈ ಎರಡು ಕುಲಗಳ ಜೋಡಿಯೂ ಇದೆ. ವಾದವನ್ನು ಒಪ್ಪಲಿ ಬಿಡಲಿ, ಬೆನ್ನನ್ನು ನಂಬಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಇನ್ನು ಧ್ವನಿಯ ವಿಷಯ. ಕಾಡಿನಲ್ಲಿ ಮರಕುಟಿಗ ಕಾಣುವ ಮೊದಲು ಕೇಳಿಸುತ್ತದೆ, ಆದ್ದರಿಂದ ಕಿವಿಗೆ ಬಿದ್ದ ಸದ್ದು ಯಾವ ಬಗೆಯದು ಎಂದು ಮೊದಲು ವಿಂಗಡಿಸಿಕೊಳ್ಳಬೇಕು. ಹುಳ ಹುಡುಕುವಾಗಿನ ಕುಕ್ಕುವಿಕೆ ಒಂದು: ಎರಡು ಏಟು, ಒಂದು ವಿರಾಮ, ನಾಲ್ಕು ಏಟು, ಮತ್ತೆ ವಿರಾಮ. ಇದಕ್ಕೆ ತಾಳವಿಲ್ಲ, ಜಾತಿಯ ಗುರುತೂ ಇಲ್ಲ. ಹಕ್ಕಿ ಎಲ್ಲಿದೆ ಎಂದಷ್ಟೇ ತಿಳಿಸುತ್ತದೆ. ಎರಡನೆಯದು ಡ್ರಮ್ಮಿಂಗ್. ಚೆನ್ನಾಗಿ ಅನುರಣಿಸುವ ಒಣ ಕೊಂಬೆಯನ್ನು ಆರಿಸಿಕೊಂಡು, ಒಂದೇ ಉಸಿರಿನಲ್ಲೆಂಬಂತೆ ಅತಿ ವೇಗವಾಗಿ ಬಡಿಯುವ ಈ ಸದ್ದು ಮರಕುಟಿಗಗಳಿಗೆ ಹಾಡಿದ್ದಂತೆ. ಗಡಿ ಸಾರುವುದಕ್ಕೂ ಜೊತೆಯನ್ನು ಕರೆಯುವುದಕ್ಕೂ ಬಳಕೆಯಾಗುತ್ತದೆ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಇದು ಹೆಚ್ಚು. ಮೂರನೆಯದು ಗಂಟಲಿನಿಂದ ಬರುವ ಕೂಗು, ಗುರುತಿಸುವಿಕೆಗೆ ಎಲ್ಲಕ್ಕಿಂತ ಹೆಚ್ಚು ಒದಗುವುದು ಇದೇ.

ಬ್ಲ್ಯಾಕ್-ರಂಪ್ಡ್ ಫ್ಲೇಮ್‌ಬ್ಯಾಕ್‌ನ ಕೂಗು ಗಟ್ಟಿಯಾದ, ಒರಟಾದ, ಕುಲುಕುವ ನಗೆ. 'ಕಿ-ಕಿ-ಕಿ-ಕಿ-ಕಿರ್ರ್' ಎಂದು ಆರಂಭವಾಗಿ, ವೇಗ ಹೆಚ್ಚಿಸಿಕೊಂಡು, ಕೊನೆಗೆ ಇಳಿಯುತ್ತದೆ; ಹಾರುವಾಗಲಂತೂ ತಪ್ಪದೆ ಕೂಗುತ್ತದೆ. ಬೆಂಗಳೂರಿನ ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ, ಕರಾವಳಿಯ ತೆಂಗಿನ ತೋಟಗಳಲ್ಲಿ ಇದನ್ನು ದಿನವೂ ಕೇಳಬಹುದು. ಇದನ್ನು ಬಿಳಿಗಂಟಲಿನ ಮಿಂಚುಳ್ಳಿಯ ಕೂಗಿನೊಂದಿಗೆ ಬೆರೆಸಿಕೊಳ್ಳುವವರು ಬಹಳ ಮಂದಿ. ಮಿಂಚುಳ್ಳಿಯೂ ನೀರಿನಿಂದ ದೂರದ ತೋಟಗಳಲ್ಲಿ, ಎತ್ತರದ ಕೊಂಬೆ ಅಥವಾ ತಂತಿಯ ಮೇಲೆ ಕುಳಿತು ಹಾಗೆಯೇ ಕುಲುಕಿ ನಗುತ್ತದೆ. ಮರಕುಟಿಗದ ಸ್ವರಗಳು ಇನ್ನೂ ಒತ್ತೊತ್ತಾಗಿವೆ, ಮಿಂಚುಳ್ಳಿಯದರಲ್ಲಿ ಒಂದೊಂದು ಸ್ವರವೂ ಕೊಂಚ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ನನ್ನ ಕಿವಿ ಹೇಳುತ್ತದಾದರೂ, ದೂರದಿಂದ ಬಂದ ಒಂದೇ ಕೂಗಿನ ಮೇಲೆ ನಾನು ಪಟ್ಟಿಯಲ್ಲಿ ಹೆಸರು ಬರೆಯುವುದಿಲ್ಲ.

ಮಲಬಾರ್‌ನ ಕೂಗು ಸ್ವಭಾವದಲ್ಲಿಯೇ ಬೇರೆ. ಲೋಹದಂತೆ ತೀಕ್ಷ್ಣವಾಗಿ, ಒಂದೇ ಶ್ರುತಿಯಲ್ಲಿ 'ಟಿಟಿಟಿಟಿಟಿಟಿ' ಎಂದು ಬರುತ್ತದೆ. ಏರಿಳಿತವಿಲ್ಲ, ನಗೆಯ ಛಾಯೆಯಿಲ್ಲ. ಜೀರುಂಡೆಗಳು ಕಿರುಚುತ್ತಿರುವ ಕಾಡಿನಲ್ಲಿ ಇದನ್ನು ಇನ್ನೊಂದು ಕೀಟವೆಂದು ಕಿವಿ ಬಿಟ್ಟುಬಿಡುವ ಸಾಧ್ಯತೆ ನಿಜಕ್ಕೂ ಇದೆ. ಕಾಮನ್ ಫ್ಲೇಮ್‌ಬ್ಯಾಕ್ ಬ್ಲ್ಯಾಕ್-ರಂಪ್ಡ್‌ನ ಕೂಗನ್ನೇ ಹೋಲುವ ದೀರ್ಘ ಕಂಪನವನ್ನು ಹೊರಡಿಸುತ್ತದೆ, ಆದರೆ ಇನ್ನಷ್ಟು ವೇಗವಾಗಿ, ಒರಟುತನ ಕಡಿಮೆಯಾಗಿ. ಕಾಫಿ ತೋಟದ ಅಂಚಿನಲ್ಲಿ, ಊರೂ ಕಾಡೂ ಸೇರುವ ಕಡೆ ಈ ಎರಡು ಜಾತಿಗಳೂ ಇರಬಹುದಾದ್ದರಿಂದ ಅಲ್ಲಿ ಕೂಗೊಂದನ್ನೇ ನಂಬದೆ ಗಂಟಲನ್ನು ನೋಡಿಯೇ ತೀರ್ಮಾನಿಸಬೇಕು.

ವೈಟ್-ನೇಪ್ಡ್ ಮರಕುಟಿಗವನ್ನು ಕೂಗಿನಿಂದ ಹುಡುಕುವುದಕ್ಕಿಂತ ಜಾಗದಿಂದ ಹುಡುಕುವುದು ಮೇಲು. ಬಯಲುಸೀಮೆಯ ಒಣ, ಎಲೆಯುದುರುವ ಕಾಡು, ಅಲ್ಲಲ್ಲಿ ಮರಗಳಿರುವ ಕುರುಚಲು ಇದರ ನೆಲೆ. ಘಟ್ಟದ ದಟ್ಟ ಕಾಡಿನಲ್ಲಿ ಬಿಳಿ ಹಿಂಗತ್ತು ಕಂಡರೆ ಮಲಬಾರ್ ಎಂದೇ ಮೊದಲು ಯೋಚಿಸಬೇಕು. ವೈಟ್-ನೇಪ್ಡ್‌ನ ಬಿಳುಪು ಕತ್ತಿಗೆ ನಿಲ್ಲದೆ ಬೆನ್ನಿನ ಮೇಲ್ಭಾಗಕ್ಕೆ ಇಳಿಯುತ್ತದೆ. ಎರಡೂ ಭುಜಗಳ ಕಪ್ಪು ಅದನ್ನು ಎರಡು ಬದಿಯಿಂದ ಒತ್ತಿ ಕೆಳಗೆ ಚೂಪಾಗಿಸುತ್ತದೆ. ಹೊಂಬಣ್ಣ ಉಳಿಯುವುದು ರೆಕ್ಕೆಗಳಲ್ಲಿ. ಒಮ್ಮೆ ಬೆನ್ನು ಕಂಡರೆ ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ನಾಲ್ಕರಲ್ಲಿ ಬೆನ್ನನ್ನು ನೋಡಿ ಹೆಸರಿಸಬಹುದಾದ ಒಂದೇ ಹಕ್ಕಿ ಇದು, ಅದೂ ಹೊಂಬಣ್ಣದಿಂದಲ್ಲ.

ಉಳಿದ ಮರಕುಟಿಗಗಳು ಇಷ್ಟು ಕಾಡುವುದಿಲ್ಲವಾದ್ದರಿಂದ ಬೇಗ ಹೇಳಿ ಮುಗಿಸಬಹುದು. ವೈಟ್-ಬೆಲ್ಲೀಡ್ ಮರಕುಟಿಗ ಕಾಗೆಗಿಂತಲೂ ಉದ್ದವಾದ ಕಪ್ಪು ಹಕ್ಕಿ. ಬಿಳಿ ಹೊಟ್ಟೆ, ಕೆಂಪು ಜುಟ್ಟು, ಬಹು ದೂರ ಸಾಗುವ ಒಂಟಿ 'ಕ್ಯಾವ್' ಕೂಗು, ಇಡೀ ಕಣಿವೆಗೆ ಕೇಳುವ ಬಡಿತ. ಹಸಿರು ಮೈಯ ಲೆಸ್ಸರ್ ಯೆಲ್ಲೋನೇಪ್‌ಗೆ ಹಳದಿ ಜುಟ್ಟು ಮತ್ತು ಕರುಣಾಜನಕವಾದ 'ಪೀ-ಯೂ' ಎಂಬ ಒಂಟಿ ಕೂಗು. ಇದು ಬೇರೆ ಬೇರೆ ಹಕ್ಕಿಗಳು ಕೂಡಿ ಬೇಟೆಯಾಡುವ ಗುಂಪುಗಳಲ್ಲಿ ಸಿಗುತ್ತದೆ. ಅದೇ ಹಸಿರಿನ ಸ್ಟ್ರೀಕ್-ಥ್ರೋಟೆಡ್ ಹೆಚ್ಚಾಗಿ ಮೌನಿ, ನೆಲಕ್ಕಿಳಿದು ಇರುವೆ ಗೆದ್ದಲು ಆಯುವುದೇ ಹೆಚ್ಚು. ಹೊಟ್ಟೆಯ ಗರಿಗಳ ಅಂಚು ಮೀನಿನ ಹುರುಪೆಯಂತೆ ಕಾಣುತ್ತದೆ. ಒಣ ಪ್ರದೇಶದ ಜಾಲಿ ಮರಗಳಲ್ಲಿ ಹಳದಿ ನೆತ್ತಿಯ ಯೆಲ್ಲೋ-ಕ್ರೌನ್ಡ್, ತೋಟಗಳ ತೆಳು ರೆಂಬೆಗಳಲ್ಲಿ 13 ಸೆಂಟಿಮೀಟರ್‌ಗಳ ಬ್ರೌನ್-ಕ್ಯಾಪ್ಡ್ ಪಿಗ್ಮಿ, ಬಿದಿರು ಮೆಳೆಗಳಲ್ಲಿ ಅದಕ್ಕಿಂತಲೂ ಚಿಕ್ಕದಾದ ಸ್ಪೆಕಲ್ಡ್ ಪಿಕ್ಯುಲೆಟ್. ಬಾಲವೇ ಇಲ್ಲವೆನಿಸುವಷ್ಟು ಗಿಡ್ಡ ಬಾಲ, ದೊಡ್ಡ ಜುಟ್ಟು, ರೆಕ್ಕೆಯ ಮೇಲೆ ಹೃದಯದಾಕಾರದ ಕಪ್ಪು ಚುಕ್ಕೆಗಳಿರುವ ಹಾರ್ಟ್-ಸ್ಪಾಟೆಡ್ ಮರಕುಟಿಗವನ್ನು ಮರದ ತುದಿಯಲ್ಲಿ ಕಂಡರೂ ಗುರುತಿಸಬಹುದು.

ಇವುಗಳ ನಡುವೆ ರೂಫಸ್ ಮರಕುಟಿಗಕ್ಕೆ ಮಾತ್ರ ಇನ್ನೊಂದೆರಡು ಸಾಲು ಸಲ್ಲಬೇಕು, ಏಕೆಂದರೆ ಡ್ರಮ್ಮಿಂಗ್ ಒಂದರಿಂದಲೇ ಸಂದೇಹವಿಲ್ಲದೆ ಹೆಸರಿಸಬಹುದಾದ ಹಕ್ಕಿ ನಮ್ಮಲ್ಲಿ ಬಹುಶಃ ಇದೊಂದೇ. ಉಳಿದವುಗಳ ಬಡಿತ ಒಂದೇ ವೇಗದಲ್ಲಿ ಅಥವಾ ವೇಗ ಹೆಚ್ಚಿಸಿಕೊಳ್ಳುತ್ತ ಸಾಗಿದರೆ, ಇದರದ್ದು ಜೋರಾಗಿ ಆರಂಭವಾಗಿ ಏಟುಗಳ ನಡುವಿನ ಅಂತರ ಹೆಚ್ಚುತ್ತ ಹೋಗಿ, ಪೆಟ್ರೋಲ್ ಮುಗಿದ ಬೈಕಿನ ಎಂಜಿನ್ ಆರುವ ಹಾಗೆ 'ಡರ್ರ್‌ರ್-ಡ್-ಡ್--ಡ್---ಡ್' ಎಂದು ನಿಂತುಹೋಗುತ್ತದೆ. ಮರದ ಮೇಲೆ ಕಂದು ಚೆಂಡಿನಂಥ ಗೂಡು ಕಟ್ಟುವ ಕ್ರೆಮಾಟೊಗ್ಯಾಸ್ಟರ್ ಇರುವೆಗಳನ್ನು ತಿಂದು, ಅದೇ ಇರುವೆಗೂಡನ್ನು ಕೊರೆದು ಅದರೊಳಗೆ ತಾನೂ ಮೊಟ್ಟೆಯಿಡುವ ಹಕ್ಕಿಯಿದು. ಅಂಥ ಗೂಡುಗಳಿರುವ ಮರದ ಬಳಿ ಈ ಬಡಿತ ಕೇಳಿದರೆ ಬೈನಾಕ್ಯುಲರ್ ಎತ್ತುವ ಮೊದಲೇ ಹೆಸರು ಬರೆಯಬಹುದು. ಆದರೂ ಇದರ ಮೂಗಿನ ಧ್ವನಿಯ ಮೂರು ಸ್ವರಗಳ ಕೂಗು ಮೈನಾದ ಕೂಗಿಗೆ ಹತ್ತಿರವಾದ್ದರಿಂದ ಕೂಗಿನ ವಿಷಯದಲ್ಲಿ ಅಷ್ಟು ಧೈರ್ಯ ಸಲ್ಲದು.

ಮರಕುಟಿಗವಲ್ಲದ ಸದ್ದುಗಳೂ ದಾರಿ ತಪ್ಪಿಸುತ್ತವೆ. ಕಂಚುಗಾರ ಹಕ್ಕಿಯ ನಿಲ್ಲದ 'ಟುಕ್ ಟುಕ್' ಕೇಳಿ ಅದನ್ನು ಮರ ಕುಟ್ಟುವ ಸದ್ದೆಂದುಕೊಳ್ಳುವುದು ಊರಿನಲ್ಲಿ ಸಾಮಾನ್ಯ. ಅದು ಗಂಟಲಿನಿಂದ ಬರುವ ದನಿ, ಗಡಿಯಾರದಷ್ಟು ಕ್ರಮಬದ್ಧ, ಮರಕುಟಿಗದ ಕುಕ್ಕುವಿಕೆ ಎಂದೂ ಅಷ್ಟು ಕ್ರಮಬದ್ಧವಾಗಿರುವುದಿಲ್ಲ. ಮಳೆಗಾಲದ ಸಂಜೆಗಳಲ್ಲಿ ಘಟ್ಟದ ಪೊದೆಗಪ್ಪೆಗಳು ಹೊರಡಿಸುವ 'ಟಿಕ್ ಟಿಕ್' ಸದ್ದು ಒಣ ಕೊಂಬೆಯ ಮೇಲಿನ ಸಣ್ಣ ಏಟುಗಳಂತೆಯೇ ಕೇಳುತ್ತದೆ, ಆದರೆ ಮರಕುಟಿಗಗಳು ಕತ್ತಲಾಗುವ ಮೊದಲೇ ಪೊಟರೆ ಸೇರಿರುತ್ತವೆ. ಕಣ್ಣಿನ ವಿಷಯದಲ್ಲಿ ಒಂದು ಸುಲಭದ ನಿಯಮವಿದೆ: ಕಾಂಡದ ಮೇಲೆ ತಲೆ ಕೆಳಗಾಗಿ ಇಳಿದುಬರುವ ಹಕ್ಕಿ ಮರಕುಟಿಗವಲ್ಲ, ನಟ್‌ಹ್ಯಾಚ್. ಮರಕುಟಿಗ ಕೆಳಗಿಳಿಯಬೇಕಾದರೆ ತಲೆ ಮೇಲಿಟ್ಟುಕೊಂಡೇ ಹಿಂದಕ್ಕೆ ಜಿಗಿಯುತ್ತದೆ.

ಈಗ ಫೋನಿನಲ್ಲಿರುವ ಮರ್ಲಿನ್ ಆ್ಯಪ್ ಕೂಗನ್ನು ಕೇಳಿಸಿಕೊಂಡು ಹೆಸರು ತೋರಿಸುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಪ್ರಯೋಗಾಲಯ ರೂಪಿಸಿದ ಈ ಸಾಧನವನ್ನು ನಾನೂ ಬಳಸುತ್ತೇನೆ, ಆದರೆ ಅದು ತೋರಿಸಿದ ಹೆಸರನ್ನು ಎತ್ತ ನೋಡಬೇಕೆಂಬ ಸೂಚನೆಯಾಗಿ ತೆಗೆದುಕೊಳ್ಳುತ್ತೇನೆಯೇ ಹೊರತು ಸಾಕ್ಷಿಯಾಗಿ ಅಲ್ಲ. ಅದಕ್ಕಿಂತ ಹೆಚ್ಚು ಫಲ ಕೊಟ್ಟ ಅಭ್ಯಾಸವೆಂದರೆ, 2005ರಲ್ಲಿ ಆರಂಭವಾದ ಜೀನೋ-ಕ್ಯಾಂಟೊ ಎಂಬ ಮುಕ್ತ ಧ್ವನಿಸಂಗ್ರಹದಿಂದ ಒಂದೊಂದು ಜಾತಿಯ ಹಲವು ಮುದ್ರಿಕೆಗಳನ್ನು ಮನೆಯಲ್ಲಿ ಕೇಳುವುದು, ಅದರಲ್ಲಿಯೂ ಪಶ್ಚಿಮ ಘಟ್ಟಗಳಲ್ಲಿ ದಾಖಲಾದವನ್ನು ಆಯ್ದುಕೊಳ್ಳುವುದು. ಒಂದೇ ಮುದ್ರಿಕೆಯನ್ನು ಉರು ಹೊಡೆದರೆ ಆ ಒಂದು ಹಕ್ಕಿಯ ಕೂಗು ಮಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಈ ಮುದ್ರಿಕೆಗಳನ್ನು ಕಾಡಿನಲ್ಲಿ ನುಡಿಸಿ ಹಕ್ಕಿಯನ್ನು ಹತ್ತಿರಕ್ಕೆ ಬರಿಸುವ ಚಾಳಿ ಛಾಯಾಗ್ರಾಹಕರಲ್ಲಿ ಬೆಳೆದಿದೆ. ಗೂಡಿನ ಸಮಯದಲ್ಲಿ ಇಲ್ಲದ ಪ್ರತಿಸ್ಪರ್ಧಿಯನ್ನು ಹುಡುಕುತ್ತ ಹಕ್ಕಿ ಮರಿಗಳನ್ನು ಬಿಟ್ಟು ಅಲೆಯುವಂತಾಗುವುದರಿಂದ ನಾನು ಇದನ್ನು ಒಪ್ಪುವುದಿಲ್ಲ.

ಟಿಪ್ಪಣಿ ಬರೆಯುವಾಗ ನಾನು ಜಾತಿಯ ಹೆಸರಿಗಿಂತ ಮೊದಲು ಕಂಡದ್ದನ್ನು ಬರೆಯುತ್ತೇನೆ: ಹಿಂಗತ್ತು ಬಿಳಿ, ಹೆಣ್ಣು, ನೆತ್ತಿಯಲ್ಲಿ ಚುಕ್ಕೆ, ಕೆಳತುದಿ ಕಾಣಲಿಲ್ಲ, ಕೂಗು ಕೇಳಲಿಲ್ಲ. ಪರಸ್ಪರ ಸಂಬಂಧವಿಲ್ಲದ ಎರಡು ಲಕ್ಷಣಗಳು ಒಂದೇ ಜಾತಿಯ ಕಡೆ ಬೆರಳು ಮಾಡಿದರೆ ಹೆಸರು ಬರೆಯುತ್ತೇನೆ. ಒಂದೇ ಸಿಕ್ಕರೆ ಫ್ಲೇಮ್‌ಬ್ಯಾಕ್ ಎಂದಷ್ಟೇ ಬರೆದು ಬಿಡುತ್ತೇನೆ. ಗೂಡು ಬಿಟ್ಟ ಹೊಸ ಮರಿಗಳ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು, ಏಕೆಂದರೆ ಅವುಗಳ ಮುಖದ ಗೆರೆಗಳು ಮಂಕು, ಗರಿಗಳ ಬಣ್ಣ ಕಂದು ಮಿಶ್ರಿತ, ಕೊಕ್ಕು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಕೂಗೂ ಹದಕ್ಕೆ ಬಂದಿರುವುದಿಲ್ಲ. ಹೆಚ್ಚಾಗಿ ತಾಯಿಯೋ ತಂದೆಯೋ ಪಕ್ಕದ ಮರದಲ್ಲಿಯೇ ಇರುವುದರಿಂದ ಮರಿಯ ಚಿತ್ರ ತೆಗೆಯುತ್ತ ಕೂರುವ ಬದಲು ದೊಡ್ಡ ಹಕ್ಕಿ ಆಹಾರ ತರುವವರೆಗೆ ಕಾದು, ಅದರ ಹಿಂಗತ್ತನ್ನು ನೋಡಿ ಬರೆದುಕೊಳ್ಳುವುದು ಒಳ್ಳೆಯದು.